ಹೆಂಪ್: ಮೊದಲ ಬಿತ್ತನೆಗೆ ತಳಿ ಆರಿಸುವಾಗ ಅಕ್ಷಾಂಶ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಹೆಂಪ್ ಬೆಳೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ ಎರಡು ಸಂಗತಿಗಳು ತಪ್ಪದೆ ಇರುತ್ತವೆ. ಒಂದು, ಹೆಕ್ಟೇರಿಗೆ ಇಷ್ಟು ಟನ್ ನಾರು, ಇಷ್ಟು ಕಾಳು ಎಂಬ ಲೆಕ್ಕ. ಇನ್ನೊಂದು, ಒಂದೆರಡು ತಳಿಗಳ ಹೆಸರು. ಆ ಇಳುವರಿ ಯಾವ ಅಕ್ಷಾಂಶದಲ್ಲಿ, ಯಾವ ತಿಂಗಳಲ್ಲಿ ಬಿತ್ತಿದಾಗ ಬಂತು ಎಂಬುದು ಮಾತ್ರ ಇರುವುದಿಲ್ಲ. ಹೊಸದಾಗಿ ಪರವಾನಗಿ ಪಡೆದವರು ಆ ಹೆಸರನ್ನೇ ಗಟ್ಟಿಯಾಗಿ ಹಿಡಿದುಕೊಂಡು ಬೀಜ ತರಿಸುತ್ತಾರೆ. ಆಳೆತ್ತರಕ್ಕೂ ಮೀರಿ ಬೆಳೆಯಬೇಕಾದ ಗಿಡ ಮೊಣಕಾಲೆತ್ತರದಲ್ಲೇ ಹೂ ಬಿಟ್ಟು ನಿಂತಾಗ ಮಣ್ಣನ್ನೋ ಗೊಬ್ಬರವನ್ನೋ ದೂರುತ್ತಾರೆ. ತಪ್ಪು ಮಣ್ಣಿನದಲ್ಲ, ತಳಿಯ ಆಯ್ಕೆಯದು. ಈ ಪತ್ರ ಅದರ ಬಗ್ಗೆ.

ಮೊದಲು ಹೆಸರಿನ ಗೊಂದಲ ತಿಳಿಯಾಗಲಿ. ಕನ್ನಡದಲ್ಲಿ ಸೆಣಬು ಎಂದರೆ ಒಬ್ಬರಿಗೆ ಗೋಣಿಚೀಲದ ನಾರು, ಇನ್ನೊಬ್ಬರಿಗೆ ಉತ್ತು ಮಣ್ಣಿಗೆ ಸೇರಿಸುವ ಹಸಿರೆಲೆ ಗೊಬ್ಬರದ ಗಿಡ. ಪುಂಡಿಯ ನಾರನ್ನೂ ಇದರೊಂದಿಗೆ ಬೆರೆಸಿ ಮಾತನಾಡುವವರಿದ್ದಾರೆ. ಇಲ್ಲಿ ಹೇಳುತ್ತಿರುವುದು ಆ ಮೂರರಲ್ಲಿ ಯಾವುದೂ ಅಲ್ಲ. ಹೆಂಪ್ ಗಾಂಜಾ ಗಿಡದ ಜಾತಿಗೇ ಸೇರಿದ್ದು; ಸಸ್ಯಶಾಸ್ತ್ರದ ಹೆಸರು ಎರಡಕ್ಕೂ ಕ್ಯಾನಬಿಸ್ ಸಟೈವಾ. ನಾರು ಮತ್ತು ಕಾಳಿಗಾಗಿ ಆರಿಸುತ್ತ ಬಂದ, ಅಮಲಿನ ಅಂಶವಾದ ಟಿಎಚ್‌ಸಿ ತೀರ ಕಡಿಮೆ ಇರುವ ತಳಿಗಳಿಗೆ ಹೆಂಪ್ ಎನ್ನುತ್ತಾರೆ. ಎಲೆ ನೋಡಿ, ವಾಸನೆ ನೋಡಿ ಎರಡನ್ನೂ ಬೇರೆ ಮಾಡಲಾಗದು. ಪ್ರಯೋಗಾಲಯದ ವರದಿಯೊಂದೇ ಅದನ್ನು ಹೇಳಬಲ್ಲದು. ಆದ್ದರಿಂದ ಪರವಾನಗಿ ಮೊದಲು, ಬೀಜ ಆಮೇಲೆ. ಅನೇಕ ದೇಶಗಳಲ್ಲಿ ಅನುಮತಿಯಿಲ್ಲದೆ ಬಿತ್ತುವುದೇ ಅಪರಾಧ; ಹೊಲದಲ್ಲಿರುವುದು ಹೆಂಪ್ ಎಂದು ಆಮೇಲೆ ವಾದಿಸಿದರೆ ನಡೆಯುವುದಿಲ್ಲ. ಪರವಾನಗಿಯ ಜೊತೆಗೆ ಯಾವ ತಳಿಗಳನ್ನು ಬಿತ್ತಬಹುದು ಎಂಬ ಪಟ್ಟಿಯೂ ಸಾಮಾನ್ಯವಾಗಿ ಇರುತ್ತದೆ. ಕೆನಡಾದಲ್ಲಿ ಸರ್ಕಾರವೇ ಒಪ್ಪಿತ ತಳಿಗಳ ಪಟ್ಟಿ ಪ್ರಕಟಿಸುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಸಾಮಾನ್ಯ ತಳಿ ಪಟ್ಟಿಯಲ್ಲಿರುವ ತಳಿಯ ಪ್ರಮಾಣಿತ ಬೀಜ ಬಿತ್ತಿದವರಿಗಷ್ಟೇ ಸಹಾಯಧನ. ಆಯ್ಕೆ ಶುರುವಾಗಬೇಕಾದದ್ದು ಇಂಥ ಪಟ್ಟಿಯಿಂದ, ಜಾಹೀರಾತಿನಿಂದಲ್ಲ.

ಟಿಎಚ್‌ಸಿ ಮಿತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊಸಬರ ಬೆಳೆ ನಾಶವಾಗುವುದು ಹೆಚ್ಚಾಗಿ ಇಲ್ಲಿಯೇ. ಬಹಳ ಕಡೆ ಮಿತಿ ಒಣ ತೂಕದ ಶೇ 0.3. ಅಮೆರಿಕದ 2018ರ ಕೃಷಿ ಕಾಯ್ದೆಯಲ್ಲಿ ಇದೇ ಅಂಕಿ, ಕೆನಡಾದಲ್ಲೂ ಇದೇ. ಐರೋಪ್ಯ ಒಕ್ಕೂಟದಲ್ಲಿ ಶೇ 0.2 ಇದ್ದದ್ದು 2023ರ ಜನವರಿ 1ರಿಂದ 0.3 ಆಯಿತು. ಸ್ವಿಟ್ಜರ್ಲೆಂಡಿನಲ್ಲಿ ಶೇ 1. ಅರ್ನೆಸ್ಟ್ ಸ್ಮಾಲ್ ಮತ್ತು ಆರ್ಥರ್ ಕ್ರಾಂಕ್ವಿಸ್ಟ್ ಎಂಬ ಸಸ್ಯಶಾಸ್ತ್ರಜ್ಞರು 1976ರಲ್ಲಿ ಈ ಜಾತಿಯನ್ನು ವರ್ಗೀಕರಿಸಲು ಎಳೆದ ಗೆರೆಯೇ 0.3. ಅವರು ಎಳೆದದ್ದು ಸಸ್ಯಗಳನ್ನು ವಿಂಗಡಿಸಲು; ಕಾನೂನುಗಳು ಅದನ್ನೇ ಎತ್ತಿಕೊಂಡವು. ಹಾಗಾಗಿ 0.29 ಬಂದ ಹೊಲ ಉಳಿಯುತ್ತದೆ, 0.35 ಬಂದದ್ದು ಹೋಗುತ್ತದೆ. ಎರಡೂ ಗಿಡಗಳ ನಡುವೆ ರೈತನ ಕಣ್ಣಿಗೆ ಕಾಣುವ ವ್ಯತ್ಯಾಸ ಏನೂ ಇರುವುದಿಲ್ಲ.

ಹಸಿ ಗಿಡದಲ್ಲಿ ಟಿಎಚ್‌ಸಿ ಹೆಚ್ಚಾಗಿ ಟಿಎಚ್‌ಸಿಎ ಎಂಬ ಆಮ್ಲದ ರೂಪದಲ್ಲಿರುತ್ತದೆ. ಬಿಸಿ ತಾಗಿದಾಗ ಅದು ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಟ್ಟು ಟಿಎಚ್‌ಸಿ ಆಗುತ್ತದೆ, ತೂಕ ಅಷ್ಟು ಇಳಿಯುತ್ತದೆ. ಅದಕ್ಕೇ ಒಟ್ಟು ಟಿಎಚ್‌ಸಿ ಲೆಕ್ಕ ಹಾಕುವಾಗ ಟಿಎಚ್‌ಸಿಎಯನ್ನು 0.877ರಿಂದ ಗುಣಿಸಿ ಟಿಎಚ್‌ಸಿಗೆ ಕೂಡಿಸುತ್ತಾರೆ. ಬೀಜ ಮಾರುವವರು ತೋರಿಸುವ ವರದಿಯಲ್ಲಿ ಬರೀ ಟಿಎಚ್‌ಸಿ ಎಂಬ ಸಾಲು ಮಾತ್ರ ಇದ್ದು ಅಲ್ಲಿ 0.05 ಎಂದಿದ್ದರೆ ಸಮಾಧಾನಪಡಬೇಡಿ. ಟಿಎಚ್‌ಸಿಎ ಸಾಲು ಕೇಳಿ. ಅಲ್ಲಿ 0.40 ಇದ್ದರೆ ಒಟ್ಟು ಮೊತ್ತ 0.05ಕ್ಕೆ 0.351 ಕೂಡಿ 0.40 ಆಯಿತು, ಬೆಳೆ ಮಿತಿ ದಾಟಿತು. ವರದಿಯಲ್ಲಿ ಮಾದರಿ ತೆಗೆದ ದಿನಾಂಕವೂ ಇರಬೇಕು. ಹೂಗೊಂಚಲು ಬಲಿತಂತೆ ಟಿಎಚ್‌ಸಿ ಏರುತ್ತದೆ. ಎಳೆಯ ಹೂವಿನ ವರದಿ ಕೊಯ್ಲಿನ ಹೊತ್ತಿನ ಸ್ಥಿತಿಯನ್ನು ಹೇಳುವುದಿಲ್ಲ. ಅಮೆರಿಕದ ನಿಯಮದಲ್ಲಿ ಕೊಯ್ಲಿಗೆ ಮೊದಲ 30 ದಿನಗಳೊಳಗೆ, ಗಿಡದ ತುದಿಯ ಸುಮಾರು 12ರಿಂದ 20 ಸೆಂಟಿಮೀಟರ್ ಭಾಗವನ್ನು ಮಾದರಿಯಾಗಿ ಕತ್ತರಿಸುತ್ತಾರೆ. ಗಿಡದಲ್ಲಿ ಟಿಎಚ್‌ಸಿ ಅತಿ ಹೆಚ್ಚು ಇರುವುದೇ ಆ ಭಾಗದಲ್ಲಿ.

ಇದರಿಂದ ಹೊಸಬರಿಗೆ ನೇರವಾಗಿ ಹೇಳಬೇಕಾದ ಮಾತೊಂದಿದೆ: ಮೊದಲ ವರ್ಷ, ಹೂವಿನಲ್ಲಿ ಸಿಗುವ ಸಿಬಿಡಿ ಎಂಬ ಅಂಶಕ್ಕಾಗಿ ಬೆಳೆಯುವ ತಳಿಗಳನ್ನು ಮುಟ್ಟಬೇಡಿ. ಸಿಬಿಡಿ ಅಮಲೇರಿಸದ ಅಂಶ ಎಂಬುದು ನಿಜ. ಆದರೆ ಗಿಡದೊಳಗೆ ಸಿಬಿಡಿ ತಯಾರಿಸುವ ಕಿಣ್ವ ಜೊತೆಜೊತೆಗೇ ಚೂರು ಟಿಎಚ್‌ಸಿಯನ್ನೂ ಮಾಡುತ್ತದೆ. ಸಾಮಾನ್ಯವಾಗಿ 20ರಿಂದ 30 ಭಾಗ ಸಿಬಿಡಿಗೆ 1 ಭಾಗ ಟಿಎಚ್‌ಸಿ. ಶೇ 2 ಸಿಬಿಡಿ ಇರುವ ನಾರಿನ ತಳಿಯಲ್ಲಿ ಇದು ಶೇ 0.1ರ ಆಸುಪಾಸು. ಶೇ 10 ಸಿಬಿಡಿ ಕೊಡುತ್ತದೆ ಎಂದು ಹೊಗಳುವ ತಳಿಯಲ್ಲಿ ಅದೇ ಅನುಪಾತ ಶೇ 0.33 ದಾಟುತ್ತದೆ. ಬಿಸಿಲು ಹೆಚ್ಚಾಯಿತು, ನೀರು ಕಡಿಮೆಯಾಯಿತು, ಅದಕ್ಕೇ ಮಿತಿ ಮೀರಿತು ಎಂದು ಜನ ಹೇಳುತ್ತಾರೆ. ಈ ಅನುಪಾತವನ್ನು ಮುಖ್ಯವಾಗಿ ನಿರ್ಧರಿಸುವುದು ತಳಿಯ ವಂಶಗುಣ. ಅದರ ಮೇಲೆ, ಆ ಬೆಳೆಯಲ್ಲಿ ಒಂದೇ ಒಂದು ಗಂಡು ಗಿಡ ತಪ್ಪಿಸಿಕೊಂಡರೂ ಸುತ್ತಲಿನ ಹೂವೆಲ್ಲ ಕಾಳು ಕಟ್ಟಿ ಬೆಲೆ ಕಳೆದುಕೊಳ್ಳುತ್ತದೆ. ಪರಾಗ ಗಾಳಿಯಲ್ಲಿ ಕಿಲೋಮೀಟರುಗಟ್ಟಲೆ ಹೋಗುವುದರಿಂದ ಪಕ್ಕದ ಊರಿನ ಕಾಳಿನ ಬೆಳೆಯೂ ಇದನ್ನು ಕೆಡಿಸಬಲ್ಲದು. ಕೈ ಪಳಗಿದವರಿಗೇ ಕಷ್ಟದ ಕೆಲಸ ಇದು.

ಇನ್ನು ಅಕ್ಷಾಂಶ. ಹೆಂಪ್ ಹಗಲು ಕುಗ್ಗಿದಾಗ ಹೂ ಬಿಡುವ ಗಿಡ. ಸರಿಯಾಗಿ ಹೇಳುವುದಾದರೆ ರಾತ್ರಿ ಒಂದು ಮಿತಿಗಿಂತ ಉದ್ದವಾದಾಗ. ಬಹಳಷ್ಟು ಐರೋಪ್ಯ ತಳಿಗಳಿಗೆ ಹಗಲು 14 ಗಂಟೆಯ ಆಸುಪಾಸಿಗೆ ಇಳಿದರೆ ಹೂವಿನ ಸೂಚನೆ ಸಿಕ್ಕಂತೆ. 50 ಡಿಗ್ರಿ ಅಕ್ಷಾಂಶದಲ್ಲಿ ಬೇಸಿಗೆಯ ಅತಿ ಉದ್ದದ ಹಗಲು 16 ಗಂಟೆ ಮೀರುತ್ತದೆ. ಅಲ್ಲಿ ವಸಂತದಲ್ಲಿ ಬಿತ್ತಿದ ಗಿಡಕ್ಕೆ ಮೂರು ತಿಂಗಳ ಮಟ್ಟಿಗೆ ಬರೀ ಬೆಳೆಯುವುದೇ ಕೆಲಸ. 3 ಮೀಟರ್ ಏರಿ ಆಮೇಲೆ ಹೂ ಬಿಡುತ್ತದೆ. ಅದೇ ಬೀಜವನ್ನು 15 ಡಿಗ್ರಿ ಅಕ್ಷಾಂಶಕ್ಕೆ ತಂದರೆ ಏನಾಗುತ್ತದೆ? ಅಲ್ಲಿ ವರ್ಷದ ಅತಿ ಉದ್ದದ ಹಗಲೇ ಸುಮಾರು 13 ಗಂಟೆ. ಯಾವ ತಿಂಗಳಲ್ಲಿ ಬಿತ್ತಿದರೂ ಗಿಡ ಮೊಳೆತ ದಿನದಿಂದಲೇ ಹೂವಿನ ಕಾಲದಲ್ಲಿದೆ. ನಾಲ್ಕೈದು ಜೊತೆ ಎಲೆ ಬರುವಷ್ಟರಲ್ಲಿ ಎಳಸುತನ ಮುಗಿದು ಹೂ ಕಾಣಿಸಿಕೊಳ್ಳುತ್ತದೆ, ಎತ್ತರ ಅಲ್ಲಿಗೇ ನಿಲ್ಲುತ್ತದೆ. ನಾರೂ ಇಲ್ಲ, ಕಾಳೂ ಇಲ್ಲ. ಗೊಬ್ಬರ ಎಷ್ಟು ಸುರಿದರೂ ಅದು ಮತ್ತೆ ಏಳುವುದಿಲ್ಲ.

ಎದುರಿನ ತಪ್ಪೂ ಇದೆ. ಚೀನಾದ ಯುನ್ನಾನ್ ಪ್ರಾಂತ ಸುಮಾರು 21ರಿಂದ 29 ಡಿಗ್ರಿ ಅಕ್ಷಾಂಶದಲ್ಲಿದೆ. ಅಲ್ಲಿ ಬೆಳೆಸಿದ ಯುನ್ಮಾ ಸರಣಿಯ ತಳಿಗಳು ಕಡಿಮೆ ಹಗಲಿಗೆ ಒಗ್ಗಿದವು. ಅವನ್ನು ಬಡಗಣ ದೇಶಗಳಿಗೆ ಒಯ್ದರೆ ಆಕಾಶ ಮುಟ್ಟುವಂತೆ ಬೆಳೆಯುತ್ತವೆ, ಹೂ ಬಿಡುವಷ್ಟರಲ್ಲಿ ಹಿಮ ಬಿದ್ದು ಕಾಳು ಬಲಿಯದೆ ಹೋಗುತ್ತದೆ. ಬರೀ ನಾರು ಬೇಕಾದವರಿಗೆ ಇದು ನಷ್ಟವಲ್ಲ, ಕೆಲವರು ಬೇಕೆಂದೇ ಹಾಗೆ ಮಾಡುತ್ತಾರೆ. ಕಾಳು ಬೇಕಾದವರಿಗೆ ಪೂರ್ತಿ ನಷ್ಟ. ಸ್ಥೂಲವಾಗಿ ಹೇಳುವುದಾದರೆ ತಳಿಯನ್ನು ಬೆಳೆಸಿದ ಊರಿಗಿಂತ ಸಮಭಾಜಕದ ಕಡೆಗೆ ತಂದಷ್ಟೂ ಬೇಗ ಹೂ, ಗಿಡ ಗಿಡ್ಡ. ಧ್ರುವದ ಕಡೆಗೆ ಒಯ್ದಷ್ಟೂ ತಡ ಹೂ, ಗಿಡ ಎತ್ತರ. ನಿಮ್ಮ ಅಕ್ಷಾಂಶದಿಂದ ಸುಮಾರು 5 ಡಿಗ್ರಿಯೊಳಗೆ ಬೆಳೆಸಿದ ತಳಿ ಸಿಕ್ಕರೆ ಹೊಸಬರ ಅರ್ಧ ಚಿಂತೆ ಕಳೆದಂತೆ.

ಫಿನ್‌ಲೆಂಡಿನ ಫಿನೋಲಾ ಎಂಬ ತಳಿಯನ್ನು ಎಲ್ಲರೂ ಸುಲಭದ ತಳಿ ಎನ್ನುತ್ತಾರೆ. ಅದು ಹಗಲಿನ ಉದ್ದಕ್ಕೆ ಕಾಯುವುದಿಲ್ಲ, ಬಿತ್ತಿ ನಾಲ್ಕು ವಾರದ ಸುಮಾರಿಗೆ ತಾನೇ ಹೂ ಬಿಡುತ್ತದೆ. ಒಂದೂವರೆ ಮೀಟರಿನ ಆಸುಪಾಸು ನಿಲ್ಲುವ ಗಿಡ, 100ರಿಂದ 120 ದಿನದಲ್ಲಿ ಕಾಳು, ಯಂತ್ರಕ್ಕೆ ಸಲೀಸು. ಬೇಸಿಗೆ ಗಿಡ್ಡ, ಹಗಲು ಉದ್ದ ಇರುವ ಕಡೆ ಕಾಳಿಗೆ ಇದು ನಿಜಕ್ಕೂ ಒಳ್ಳೆಯದು. ಆದರೆ ಹಗಲಿಗೆ ಕಾಯದ ತಳಿ ಎಂದಮೇಲೆ ಎಲ್ಲಿ ಬೇಕಾದರೂ ಬರುತ್ತದೆ ಎಂದುಕೊಳ್ಳುವುದು ಸರಿಯಲ್ಲ. ಆ ನಾಲ್ಕು ವಾರದಲ್ಲಿ ಗಿಡ ಎಷ್ಟು ಬೆಳೆಯುತ್ತದೋ ಅದರ ಮೇಲೆ ಮುಂದಿನದೆಲ್ಲ ನಿಂತಿದೆ. 60 ಡಿಗ್ರಿಯಲ್ಲಿ ದಿನಕ್ಕೆ 18 ಗಂಟೆ ಬೆಳಕು ಉಂಡು ಕಟ್ಟಿದ ಮೈಯನ್ನು 13 ಗಂಟೆಯ ಹಗಲಿನಲ್ಲಿ, ಸೆಕೆಯಲ್ಲಿ ಕಟ್ಟಲು ಅದಕ್ಕೆ ಆಗದು. ಗಿಡ ಗಿಡ್ಡವಾಗಿಯೇ ಉಳಿದು ಕಳೆ ಮೇಲೇಳುತ್ತದೆ.

45ರಿಂದ 50 ಡಿಗ್ರಿಯ ನಡುವೆ ಇರುವವರಿಗೆ ಫ್ರಾನ್ಸಿನ ತಳಿಗಳ ಸಾಲು ಅನುಕೂಲ. ಫೆಡೋರಾ 17 ಬೇಗ ಬರುತ್ತದೆ, ಫೆಲಿನಾ 32 ನಡುವಿನದು, ಫ್ಯೂಚುರಾ 75 ತಡ, ನಾರು ಹೆಚ್ಚು. ನಾರೂ ಬೇಕು ಕಾಳೂ ಬೇಕು ಎನ್ನುವ ಹೊಸಬರು ನಡುವಿನದರಿಂದ ಶುರು ಮಾಡುವುದು ಕ್ಷೇಮ, ಏಕೆಂದರೆ ಬಿತ್ತನೆ ಎರಡು ವಾರ ತಡವಾದರೂ ಅದು ಪೂರ್ತಿ ಕೈಕೊಡುವುದಿಲ್ಲ. ಬೇಸಿಗೆ ಇನ್ನೂ ಗಿಡ್ಡ ಇರುವ ಕಡೆ ಉಕ್ರೇನಿನ ಯುಎಸ್ಒ 31 ಬೇಗ ಮುಗಿಸುತ್ತದೆ. ಇಟಲಿಯ ಕಾರ್ಮಗ್ನೋಲಾ ನಾರಿಗೆ ಹೆಸರಾದದ್ದು, ನೋಡಲು ಬಹಳ ಚೆಂದ, 4 ಮೀಟರ್ ಮುಟ್ಟುತ್ತದೆ. ಮೊದಲ ವರ್ಷಕ್ಕೆ ಮಾತ್ರ ಬೇಡ. ಅಷ್ಟೆತ್ತರದ ಗಿಡವನ್ನು ಕತ್ತರಿಸಲು, ಮಲಗಿಸಲು, ಕಟ್ಟಲು ಬೇಕಾದ ಯಂತ್ರವೇ ಬೇರೆ.

30 ಡಿಗ್ರಿಗಿಂತ ಕೆಳಗೆ ಇರುವವರಿಗೆ ಹೆಸರು ಹೇಳಿ ಶಿಫಾರಸು ಮಾಡುವುದು ಸುಲಭವಲ್ಲ. ಆ ಅಕ್ಷಾಂಶಗಳಲ್ಲೇ ಆರಿಸಿ ಬೆಳೆಸಿದ, ತಡವಾಗಿ ಹೂ ಬಿಡುವ ತಳಿಯನ್ನು ಪರವಾನಗಿ ಪಟ್ಟಿಯಲ್ಲಿ ಹುಡುಕಬೇಕು. ಬಿತ್ತನೆಯ ದಿನವನ್ನು ವರ್ಷದ ಅತಿ ಉದ್ದದ ಹಗಲಿಗೆ ಆರೆಂಟು ವಾರ ಮೊದಲೇ ಇಟ್ಟುಕೊಂಡರೆ ಸಿಗುವ ಚೂರುಪಾರು ಬೆಳಕೂ ವ್ಯರ್ಥವಾಗುವುದಿಲ್ಲ. ಗಿಡ ಹೂವಿಗೆ ತಿರುಗಿದ್ದನ್ನು ಹೂ ಕಾಣುವ ಮೊದಲೇ ಹಿಡಿಯಬಹುದು. ಎಳೆಯ ಗಿಡದಲ್ಲಿ ಎಲೆಗಳು ಕಾಂಡದ ಎರಡು ಬದಿ ಎದುರುಬದುರು ಜೊತೆಯಾಗಿ ಬರುತ್ತವೆ. ಅವು ಒಂದು ಮೇಲೆ ಒಂದು ಕೆಳಗೆ ಎಂಬಂತೆ ಸರದಿಯಲ್ಲಿ ಬರತೊಡಗಿದರೆ ತಿರುವು ಬಂತೆಂದೇ ಲೆಕ್ಕ. ಆ ದಿನಾಂಕ ಬರೆದಿಡಿ, ಮುಂದಿನ ವರ್ಷದ ತಳಿ ಆಯ್ಕೆಗೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಹೊಲದ ಅಂಚಿನಲ್ಲಿ ರಾತ್ರಿಯೆಲ್ಲ ಉರಿಯುವ ದೀಪವಿದ್ದರೆ ಅದರ ಬೆಳಕು ಬಿದ್ದಷ್ಟು ಜಾಗದ ಗಿಡಗಳು ಹೂವಿಗೆ ತಡಮಾಡಿ ಹಸಿರಾಗಿ ನಿಲ್ಲುತ್ತವೆ. ಆ ತೇಪೆಯನ್ನು ನೋಡಿ ಬೀಜ ಬೆರಕೆಯಾಗಿದೆ ಎಂದು ಜಗಳಕ್ಕೆ ಹೋಗುವ ಮೊದಲು ದೀಪ ಆರಿಸಿ ನೋಡಿ.

ಗಂಡು ಹೆಣ್ಣಿನ ಮಾತು. ಹೆಂಪ್‌ನಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ ಇರುವ ತಳಿಗಳಿವೆ. ಎರಡೂ ಬಗೆಯ ಹೂ ಒಂದೇ ಗಿಡದಲ್ಲಿ ಬರುವ ತಳಿಗಳೂ ಇವೆ. ಮೊದಲಿನದರಲ್ಲಿ ಹೆಚ್ಚುಕಡಿಮೆ ಅರ್ಧ ಗಿಡಗಳು ಗಂಡು. ಅವು ಪರಾಗ ಉದುರಿಸಿ ಒಣಗುತ್ತವೆ, ಹೆಣ್ಣು ಗಿಡ ಇನ್ನೂ ವಾರಗಟ್ಟಲೆ ಹಸಿರು. ಒಂದೇ ಹೊಲದಲ್ಲಿ ಎರಡು ಹದದ ನಾರು ಇದ್ದಂತೆ. ಫ್ರೆಂಚ್ ತಳಿಗಳು ಎರಡನೆಯ ಬಗೆಯವು. ಎಲ್ಲ ಗಿಡವೂ ಕಾಳು ಕಟ್ಟುತ್ತವೆ, ಹೆಚ್ಚುಕಡಿಮೆ ಒಟ್ಟಿಗೇ ಬಲಿಯುತ್ತವೆ. ಹೊಸಬರಿಗೆ ಇದೇ ಅನುಕೂಲ. ಒಂದು ಎಚ್ಚರಿಕೆ: ಈ ಗುಣ ತಾನಾಗಿ ಉಳಿಯುವುದಿಲ್ಲ. ಬೀಜ ಬೆಳೆಸುವವರು ಪ್ರತಿ ಪೀಳಿಗೆಯಲ್ಲೂ ಗಂಡು ಗಿಡಗಳನ್ನು ಕಿತ್ತು ಹಾಕುತ್ತ ಅದನ್ನು ಕಾಪಾಡುತ್ತಾರೆ. ಮನೆಯಲ್ಲೇ ಬೀಜ ಹಿಡಿದಿಟ್ಟು ಎರಡು ಮೂರು ವರ್ಷ ಬಿತ್ತಿದರೆ ಗಂಡು ಗಿಡ ತುಂಬಿಕೊಳ್ಳುತ್ತದೆ, ಟಿಎಚ್‌ಸಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದಕ್ಕೂ ಭರವಸೆ ಇರುವುದಿಲ್ಲ. ಬೇರೆ ಬೆಳೆಗಳಲ್ಲಿ ಸ್ವಂತ ಬೀಜದ ಪರ ನಿಲ್ಲುವವರೂ ಹೆಂಪ್ ವಿಷಯದಲ್ಲಿ ಪ್ರತಿ ವರ್ಷ ಪ್ರಮಾಣಿತ ಬೀಜ ಕೊಳ್ಳಬೇಕು.

ಪ್ರಮಾಣಿತ ಬೀಜ ತಂದ ಮೇಲೂ ಪರೀಕ್ಷೆ ಬಿಡಬೇಡಿ. ಕಾಳಿನಲ್ಲಿ ಶೇ 30ಕ್ಕಿಂತ ಹೆಚ್ಚು ಎಣ್ಣೆ ಇರುವುದರಿಂದ ಹೆಂಪ್ ಬೀಜ ಬೇಗ ಹಳಸುತ್ತದೆ, ಸೆಕೆಯ ಉಗ್ರಾಣದಲ್ಲಿ ಒಂದು ವರ್ಷ ಕಳೆದರೆ ಮೊಳಕೆ ಶಕ್ತಿ ಗಣನೀಯವಾಗಿ ಇಳಿದಿರುತ್ತದೆ. ಸಿಪ್ಪೆಯೂ ತೆಳು, ಚೀಲಗಳನ್ನು ಎತ್ತಿ ಎಸೆದರೆ ಸೀಳು ಬಿಡುತ್ತದೆ. ಚೀಲದ ಬೇರೆ ಬೇರೆ ಕಡೆಯಿಂದ ತೆಗೆದ 100 ಕಾಳನ್ನು ಒದ್ದೆ ಕಾಗದದ ಮೇಲೆ ಹರಡಿ, ಮುಚ್ಚಿ, 20ರಿಂದ 25 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನಲ್ಲಿ ಇಟ್ಟು ಏಳನೆಯ ದಿನ ಎಣಿಸಿ. ನೆಟ್ಟಗೆ ಬೇರು ಬಿಟ್ಟವನ್ನು ಮಾತ್ರ ಎಣಿಸಬೇಕು. ತುದಿ ಕಂದಾಗಿ ನಿಂತದ್ದು ಲೆಕ್ಕಕ್ಕಿಲ್ಲ. 80ಕ್ಕಿಂತ ಕಡಿಮೆ ಬಂದರೆ ಬೀಜದ ಪ್ರಮಾಣ ಏರಿಸಬೇಕು, 70ಕ್ಕಿಂತ ಕೆಳಗಿದ್ದರೆ ಹಿಂದಿರುಗಿಸುವುದು ಲೇಸು.

ಎಷ್ಟು ಬೀಜ ಬೇಕು ಎಂಬುದನ್ನು ಕಿಲೋ ಲೆಕ್ಕದಲ್ಲಿ ಬಾಯಿಪಾಠ ಮಾಡಬಾರದು, ತಳಿಯಿಂದ ತಳಿಗೆ ಕಾಳಿನ ಗಾತ್ರ ಬೇರೆ. ಸಾವಿರ ಕಾಳು ತೂಗಿದರೆ 12ರಿಂದ 18 ಗ್ರಾಂ ಬರುತ್ತದೆ. ಒಂದು ಚದರ ಮೀಟರಿನಲ್ಲಿ ಎಷ್ಟು ಗಿಡ ನಿಲ್ಲಬೇಕೋ ಆ ಸಂಖ್ಯೆಯನ್ನು ಈ ತೂಕದಿಂದ ಗುಣಿಸಿ, ನೂರಕ್ಕೆ ಎಷ್ಟು ಬೀಜ ಹೊಲದಲ್ಲಿ ಗಿಡವಾಗಿ ಉಳಿಯುತ್ತದೋ ಅದರಿಂದ ಭಾಗಿಸಿದರೆ ಹೆಕ್ಟೇರಿಗೆ ಬೇಕಾದ ಕಿಲೋ ನೇರವಾಗಿ ಸಿಗುತ್ತದೆ. ಕಾಳಿಗೆ ಚದರ ಮೀಟರಿಗೆ 100 ಗಿಡ, ಸಾವಿರ ಕಾಳಿನ ತೂಕ 16 ಗ್ರಾಂ, ಉಳಿಯುವುದು ಶೇ 60 ಎಂದಿಟ್ಟುಕೊಂಡರೆ 1600ನ್ನು 60ರಿಂದ ಭಾಗಿಸಿ ಸುಮಾರು 27 ಕಿಲೋ. ನಾರಿಗೆ 200 ಗಿಡ, 18 ಗ್ರಾಂ ಎಂದರೆ 60 ಕಿಲೋ. ಇಲ್ಲಿ ಶೇ 60 ಎಂದದ್ದು ಕಾಗದದ ಮೇಲಿನ ಮೊಳಕೆಯ ಅಂಕಿ ಅಲ್ಲ. ಶೇ 90 ಮೊಳೆತ ಬೀಜದಲ್ಲೂ ಹೊಲದಲ್ಲಿ ಮೂರರಲ್ಲೊಂದು ಹೋಗುವುದು ಸಾಮಾನ್ಯ. ಇದನ್ನು ಮರೆತು ತೆಳ್ಳಗೆ ಬಿತ್ತಿದರೆ ನಡುವೆ ಬೆಳಕು ಬಿದ್ದು ಕಳೆ ಏಳುತ್ತದೆ, ನಾರಿನ ಗಿಡ ಕವಲೊಡೆದು ಹಾಳಾಗುತ್ತದೆ. ದಟ್ಟವಾಗಿದ್ದಷ್ಟೂ ಕಾಂಡ ಸಪೂರ, ಕವಲು ಕಡಿಮೆ, ನಾರು ಉದ್ದ.

ಎಂಥ ಸುಲಭದ ತಳಿಯನ್ನೂ ಕೆಡಿಸುವ ಜಾಗ ಮಣ್ಣಿನ ಮೇಲಿನ ಮೂರು ಬೆರಳು. ನೀರು ಬಸಿದುಹೋಗುವ ಗೋಡುಮಣ್ಣು, ರಸಸಾರ 6ರಿಂದ 7.5, ಹೆಂಟೆಯಿಲ್ಲದೆ ಹದವಾದ ಮೇಲ್ಪದರ ಬೇಕು. ಮಣ್ಣಿನ ಬಿಸಿ 10 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು. ಬೀಜ ಒಂದೂವರೆಯಿಂದ ಎರಡೂವರೆ ಸೆಂಟಿಮೀಟರ್ ಆಳ, ಸಾಲಿನಿಂದ ಸಾಲಿಗೆ 15ರಿಂದ 20 ಸೆಂಟಿಮೀಟರ್. ಮೇಲೆ ತೇವ ಕಾಣಲಿಲ್ಲವೆಂದು 4 ಸೆಂಟಿಮೀಟರ್ ಆಳಕ್ಕೆ ಕೂರಿಗೆ ಇಳಿಸಿದರೆ ಅರ್ಧ ಬೀಜ ಮೇಲೆ ಬರುವುದೇ ಇಲ್ಲ. ಬಿತ್ತಿದ ಮೇಲೆ ಜೋರು ಮಳೆ ಬಿದ್ದು ಮಣ್ಣು ಹೆಪ್ಪುಗಟ್ಟಿದರೂ ಅದೇ ಗತಿ. ಮಳೆಯ ಮುನ್ಸೂಚನೆ ನೋಡಿ ಎರಡು ದಿನ ಕಾಯುವುದರಿಂದ ನಷ್ಟವಿಲ್ಲ. ಎಲ್ಲ ಸರಿಯಿದ್ದರೆ ನಾಲ್ಕರಿಂದ ಏಳು ದಿನದಲ್ಲಿ ಮೊಳಕೆ ಕಾಣುತ್ತದೆ. ಮೊದಲ ಮೂರು ವಾರ ನಿಂತ ನೀರನ್ನು ಗಿಡ ತಡೆಯುವುದಿಲ್ಲ. ಎಲೆ ಹಳದಿಯಾಗಿ, ಬುಡ ಕಂದಾಗಿ ಮಲಗುತ್ತದೆ. ಅದು ಸಾರಜನಕದ ಕೊರತೆ ಎಂದುಕೊಂಡು ಯೂರಿಯಾ ಎರಚುವವರಿದ್ದಾರೆ. ಬೇರಿಗೆ ಉಸಿರಿಲ್ಲದಿರುವಾಗ ಅದರಿಂದ ಏನೂ ಆಗದು. ಕೆಳಗೆ ಗಟ್ಟಿ ಪದರವಿದ್ದರೆ ತಾಯಿಬೇರು ಅಡ್ಡ ತಿರುಗುತ್ತದೆ. ಕುಂಠಿತ ಗಿಡ ಕಿತ್ತು ನೋಡಿದಾಗ ಬೇರು ಬಾಗಿದ್ದರೆ ಕಾರಣ ಅಲ್ಲೇ ಸಿಕ್ಕಿತು.

ಕಳೆನಾಶಕದ ಭರವಸೆ ಇಟ್ಟುಕೊಳ್ಳಬೇಡಿ. ಹೆಂಪ್‌ಗೆ ಅನುಮತಿ ಪಡೆದ ಕಳೆನಾಶಕಗಳು ಬಹಳ ಕಡಿಮೆ. ಗಿಡವೇ ನಾಲ್ಕೈದು ವಾರದಲ್ಲಿ ನೆಲ ಮುಚ್ಚಿ ಕಳೆಯನ್ನು ಅದುಮಬೇಕು. ಅದಕ್ಕೇ ಬಿತ್ತುವ ಮೊದಲು ಒಮ್ಮೆ ಹದಮಾಡಿ, ಕಳೆ ಮೊಳೆಯಲು ಬಿಟ್ಟು, ಮೇಲೆ ಮೇಲೆ ಹರಗಿ ಆಮೇಲೆ ಬಿತ್ತುವುದು. ಬೇಗ ನೆಲ ಮುಚ್ಚುವುದೂ ತಳಿಯ ಗುಣವೇ. ಎತ್ತರದ ತಳಿಗಳು ಮುಚ್ಚುತ್ತವೆ, ಗಿಡ್ಡ ಕಾಳಿನ ತಳಿಗಳು ಪೂರ್ತಿ ಮುಚ್ಚುವುದಿಲ್ಲ. ಕಳೆ ಹೆಚ್ಚಿರುವ ಹೊಲಕ್ಕೆ ಗಿಡ್ಡ ತಳಿ ಆರಿಸುವುದು ಹೊಸಬರು ಮೇಲಿಂದ ಮೇಲೆ ಮಾಡುವ ತಪ್ಪು.

ರೋಗ ಕೀಟ ಇಲ್ಲದ ಬೆಳೆ ಎಂಬ ಮಾತೂ ಆಗಾಗ ಅಚ್ಚಾಗುತ್ತದೆ. ಹಾಗೇನಿಲ್ಲ. ತೇವದ ವಾತಾವರಣದಲ್ಲಿ ಹೂಗೊಂಚಲಿಗೆ ಬೂದು ಬೂಸ್ಟು, ಕಾಂಡಕ್ಕೆ ಬಿಳಿ ಬೂಸ್ಟು ಬರುತ್ತದೆ. ಸೂರ್ಯಕಾಂತಿ, ಹುರುಳಿಕಾಯಿ ಬೆಳೆದ ಹೊಲದಲ್ಲಿ ಬಿಳಿ ಬೂಸ್ಟು ಉಳಿದಿರುತ್ತದೆ, ಅದರ ಹಿಂದೆಯೇ ಹೆಂಪ್ ಬಿತ್ತಬಾರದು. ಕಾಂಡ ಕೊರೆಯುವ ಹುಳು, ಗಿಡಹೇನು ಇವೆ. ಕಾಳು ಬಲಿಯುವಾಗ ಹಕ್ಕಿಗಳ ಹಿಂಡು ಬರುತ್ತದೆ. ಗೊಂಚಲು ಬಿಡಿಬಿಡಿಯಾಗಿರುವ ತಳಿಯಲ್ಲಿ ಬೂಸ್ಟು ಕಡಿಮೆ, ಒತ್ತಾಗಿರುವುದರಲ್ಲಿ ಹೆಚ್ಚು. ತೇವ ಹೆಚ್ಚಿರುವ ಸೀಮೆಯವರು ಬೀಜ ಕೊಳ್ಳುವಾಗ ಇದನ್ನೂ ಕೇಳಿ.

ಕೊಯ್ಲನ್ನು ತಳಿಯ ಜೊತೆಗೇ ಯೋಚಿಸಬೇಕು. ಕಾಳಿನ ಬೆಳೆಯಲ್ಲಿ ಎಲ್ಲ ಕಾಳು ಒಣಗಲಿ ಎಂದು ಕಾದರೆ ಮೇಲಿನವು ಉದುರಿ ಹೋಗುತ್ತವೆ. ಮುಕ್ಕಾಲು ಪಾಲು ಕಾಳು ಕಂದಾಗುತ್ತಿದ್ದಂತೆ ಕೊಯ್ದು, ಅದೇ ದಿನ ಗಾಳಿ ಹಾಯಿಸಿ, ತೇವವನ್ನು ಶೇ 9ಕ್ಕೆ ಇಳಿಸಬೇಕು. ರಾಶಿ ಹಾಕಿ ಒಂದು ರಾತ್ರಿ ಬಿಟ್ಟರೆ ಒಳಗೆ ಕಾವು ಏರಿ ಎಣ್ಣೆ ಕಮಟುತ್ತದೆ. ಗಿಡ 2 ಮೀಟರ್ ದಾಟಿದರೆ ಒಕ್ಕುವ ಯಂತ್ರದ ಅಚ್ಚುಗಳಿಗೆ ನಾರು ಸುತ್ತಿಕೊಂಡು ಬೇರಿಂಗ್ ಕಾದು ಬೆಂಕಿ ಹತ್ತುವ ಅಪಾಯವಿದೆ. ಕಾಳೊಂದೇ ಸಾಕು ಎನ್ನುವವರಿಗೆ ಗಿಡ್ಡ ತಳಿ ಸುಲಭ ಎನ್ನುವುದು ಈ ಕಾರಣಕ್ಕೆ. ನಾರಿಗಾದರೆ ಹೂ ಬಿಡಲು ಶುರುವಾದಾಗಲೇ ಕೊಯ್ಲು. ಕಾಳು ಬಲಿಯಲು ಬಿಟ್ಟರೆ ನಾರು ಒರಟಾಗುತ್ತದೆ. ನಾರು ಬಿಟ್ಟುಕೊಳ್ಳಲು ಕತ್ತರಿಸಿದ ಕಾಂಡ ಹೊಲದಲ್ಲೇ ಇಬ್ಬನಿಗೆ ಎರಡು ಮೂರು ವಾರ ಕೊಳೆಯಬೇಕು, ನಡುವೆ ಒಮ್ಮೆ ಮಗುಚಬೇಕು, ತೇವ ಶೇ 15ಕ್ಕಿಂತ ಇಳಿದ ಮೇಲೆ ಕಟ್ಟಬೇಕು. ಇಬ್ಬನಿಯೇ ಬೀಳದ ಒಣ ಸೀಮೆಯಲ್ಲಿ ಈ ಕೆಲಸ ನಡೆಯದು. ಅಲ್ಲಿ ಎಂಥ ನಾರಿನ ತಳಿ ತಂದರೂ ಕೊಯ್ಲಿನ ಮುಂದೆ ದಾರಿ ಇಲ್ಲ, ಕಾಳಿನ ಕಡೆ ಹೋಗಬೇಕು. ನಾರು ಕೊಳ್ಳುವ ಗಿರಣಿ ಸಾಗಣೆಗೆ ಎಟುಕುವ ದೂರದಲ್ಲಿಲ್ಲದಿದ್ದರೂ ಇದೇ ಮಾತು, ಕಾಂಡ ಹಗುರ, ಗಾತ್ರ ದೊಡ್ಡದು.

ಇಷ್ಟೆಲ್ಲ ತಿಳಿದಮೇಲೂ ಒಂದೇ ತಳಿಗೆ ಹೊಲವನ್ನೆಲ್ಲ ಒಪ್ಪಿಸಬೇಡಿ. ಪಟ್ಟಿಯಲ್ಲಿರುವ ಮೂರು ತಳಿಗಳನ್ನು, ಬೇಗ ಬರುವುದು ಒಂದು, ನಡುವಿನದು ಒಂದು, ತಡದ್ದು ಒಂದು, ತಲಾ 2 ಮೀಟರ್ ಅಗಲ 10 ಮೀಟರ್ ಉದ್ದದ ಪಟ್ಟೆಗಳಲ್ಲಿ ಎರಡು ವಾರದ ಅಂತರದಲ್ಲಿ ಎರಡು ಸಲ ಬಿತ್ತಿ. ಪರವಾನಗಿ ಅರ್ಜಿಯಲ್ಲಿ ಮೂರೂ ತಳಿಗಳ ಹೆಸರು, ಆ ಜಾಗದ ನಕ್ಷೆ ಇರಲಿ. ಮೊಳಕೆಯ ದಿನ, ಎಲೆ ಸರದಿಗೆ ತಿರುಗಿದ ದಿನ, ಅರ್ಧ ಗಿಡ ಹೂ ಬಿಟ್ಟ ದಿನ, ಆಗಿನ ಎತ್ತರ ಬರೆದಿಡಿ. ಹೂ 30 ದಿನದೊಳಗೆ ಬಂದರೆ ಆ ತಳಿ ನಿಮ್ಮ ಅಕ್ಷಾಂಶಕ್ಕಲ್ಲ. ಫಿನೋಲಾದಂಥದ್ದಕ್ಕೆ ಈ ಲೆಕ್ಕ ಸಲ್ಲದು, ಅದರಲ್ಲಿ ಎತ್ತರ ಮತ್ತು ಕಾಳಿನ ತೂಕವನ್ನೇ ನೋಡಿ.

ಸಂಪಾದಕರಲ್ಲಿ ಒಂದು ಕೋರಿಕೆ. ಹೆಂಪ್ ಬಗ್ಗೆ ಇಳುವರಿಯ ಅಂಕಿ ಅಚ್ಚು ಹಾಕುವಾಗಲೆಲ್ಲ ಅದರ ಪಕ್ಕದಲ್ಲಿ ತಳಿಯ ಹೆಸರು, ಅಕ್ಷಾಂಶ, ಬಿತ್ತಿದ ತಾರೀಖು, ಒಟ್ಟು ಟಿಎಚ್‌ಸಿ ಈ ನಾಲ್ಕನ್ನೂ ಕೊಡಿ. ಬರೆದವರ ಬಳಿ ಆ ನಾಲ್ಕು ಇಲ್ಲದಿದ್ದರೆ ಇಳುವರಿಯ ಅಂಕಿಯನ್ನೂ ಬಿಟ್ಟುಬಿಡಿ. ಒಂದು ಸಾಲಿನ ಜಾಗದಲ್ಲಿ ಮುಗಿಯುವ ಕೆಲಸ, ಅದಿಲ್ಲದೆ ಒಂದು ವರ್ಷದ ದುಡಿಮೆ ಹೋಗುತ್ತದೆ.

ಬಿತ್ತುವವರಿಗೆ ಇನ್ನೊಂದು ಮಾತು. ಬೀಜದ ಚೀಲದ ಚೀಟಿ, ಕೊಂಡ ರಸೀದಿ, ಮತ್ತು ಅದೇ ಚೀಲದಿಂದ ತೆಗೆದ 100 ಗ್ರಾಂ ಕಾಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಮೇಲೆ ಬೀಜದ ಲಾಟ್ ಸಂಖ್ಯೆ ಬರೆದು, ಟಿಎಚ್‌ಸಿ ವರದಿ ಕೈಗೆ ಬಂದು ಬೆಳೆ ಮಾರಾಟವಾಗುವವರೆಗೆ ತಂಪಾದ ಜಾಗದಲ್ಲಿ ಇಟ್ಟುಕೊಳ್ಳಿ. ಮಾದರಿ ಮಿತಿ ದಾಟಿದರೆ, ಬಿತ್ತಿದ್ದು ಪಟ್ಟಿಯ ತಳಿಯನ್ನೇ ಎಂದು ತೋರಿಸಲು ಬೆಳೆದವರ ಕೈಯಲ್ಲಿ ಉಳಿಯುವುದು ಆ ಡಬ್ಬಿ ಮತ್ತು ಆ ಚೀಟಿ ಮಾತ್ರ.

ಇಂತಿ,
ಹೆಂಪ್ ಬೇಸಾಯ ಬಲ್ಲ ಒಬ್ಬ ಓದುಗ